ಸುಣ್ಣ ಹಾರಿದ ಕಣ್ಣಿಗೆ ಹರಳೆಣ್ಣೆ ಬೇಡ, ನೀರು ಬೇಕು

ಅಣ್ಣಾ, ಬೋರ್ಡೋಗೆ (ತೋಟಕ್ಕೆ ಹೊಡೆಯುವ ಮೈಲುತುತ್ತ-ಸುಣ್ಣದ ಔಷಧಿ) ಸುಣ್ಣ ಅರಳಿಸುವಾಗ ಕಣ್ಣಿಗೆ ಸಿಡಿಯಿತು, ನಾಲ್ಕು ಸಲ ನೀರು ಎರಚಿ ಹರಳೆಣ್ಣೆ ಬಿಟ್ಟಿದ್ದೇನೆ, ಉರಿ ಕಮ್ಮಿಯಾಗಿದೆ, ನಾಳೆ ಡಾಕ್ಟರಿಗೆ ತೋರಿಸುತ್ತೇನೆ ಅಂತ ಬರೆದಿದ್ದೀರಿ. ನಾಳೆ ಅಲ್ಲ, ಇವತ್ತೇ ಹೋಗಿ. ಅದಕ್ಕೂ ಮೊದಲು ಅರ್ಧ ಗಂಟೆ ಕಣ್ಣು ತೊಳೆಯಿರಿ. ಎಣ್ಣೆ ಬಿಟ್ಟಾಗಿದ್ದರೂ ತೊಳೆಯಿರಿ.

2012ರ ಮೇ ಕೊನೆಯಲ್ಲಿ ನಾನೂ ಇದನ್ನೇ ಮಾಡಿದ್ದೆ. ಮಳೆ ಹಿಡಿಯುವ ಮೊದಲು ಒಂದು ಸುತ್ತು ಔಷಧಿ ಮುಗಿಸುವ ಗಡಿಬಿಡಿ. ಸುಣ್ಣದ ಮೇಲೆ ನೀರು ಹೊಯ್ದು ಬಕೆಟ್ಟಿನೊಳಗೆ ಬಗ್ಗಿ ನೋಡಿದೆ. ಕುದಿದು ಸಿಡಿದದ್ದು ನೇರ ಎಡಗಣ್ಣಿಗೆ. ಟವೆಲ್ಲಿನಲ್ಲಿ ತಿಕ್ಕಿದೆ, ಎರಡು ಬೊಗಸೆ ನೀರು ಎರಚಿಕೊಂಡೆ, ಅತ್ತೆ ಹರಳೆಣ್ಣೆ ಬಿಟ್ಟರು. ತಂಪಾಯಿತು ಅಂತ ಮಲಗಿದೆ. ಮರುದಿನ ಡಾಕ್ಟರು ಮೇಲಿನ ರೆಪ್ಪೆ ಮಗುಚಿದರೆ ಒಳಗೆ ರವೆಯಂಥ ಬಿಳಿ ಕಾಳುಗಳು ಅಂಟಿ ಕೂತಿದ್ದವು. ರಾತ್ರಿಯಿಡೀ ಅಲ್ಲೇ ಕರಗುತ್ತಾ ಸುಟ್ಟಿದ್ದವು. ಒದ್ದೆ ಹತ್ತಿಯಲ್ಲಿ ಒಂದೊಂದಾಗಿ ತೆಗೆದರು. ಕರಿಗುಡ್ಡೆಯ ಮೇಲೆ ಕಲೆ ಉಳಿಯಿತು. ಇವತ್ತಿಗೂ ರಾತ್ರಿ ಎದುರು ಗಾಡಿಯ ಲೈಟು ಆ ಕಣ್ಣಿಗೆ ಹರಡಿಕೊಂಡೇ ಕಾಣುತ್ತದೆ.

ಉರಿ ಕಮ್ಮಿಯಾಯಿತು ಅಂತ ನಂಬಬೇಡಿ. ಆಸಿಡ್ ಬಿದ್ದರೆ ಕಣ್ಣಿನ ಮೇಲ್ಪದರ ಹೆಪ್ಪುಗಟ್ಟಿ ಸ್ವಲ್ಪವಾದರೂ ತಡೆಯುತ್ತದೆ. ಸುಣ್ಣ ಕ್ಷಾರ, ಕೊಬ್ಬನ್ನು ಸಾಬೂನಿನ ಹಾಗೆ ಕರಗಿಸಿಕೊಂಡು ಒಳಗೆ ಇಳಿಯುತ್ತದೆ. ಜೋರಾಗಿ ಸುಟ್ಟರೆ ನರವೇ ಸತ್ತು ನೋವು ಗೊತ್ತಾಗದಿರಬಹುದು. ಕೆಂಪಾಗುವ ಬದಲು ಕಣ್ಣು ಬಿಳುಚಿಕೊಂಡಿದ್ದರೆ ಇನ್ನೂ ಕೆಟ್ಟದ್ದು.

ತೊಳೆಯುವುದು ಅಂದರೆ ಎರಚುವುದಲ್ಲ. ಸುಣ್ಣ ಬಿದ್ದ ಕಣ್ಣು ಕೆಳಗಿರುವ ಹಾಗೆ ತಲೆ ವಾಲಿಸಿ, ಇಲ್ಲದಿದ್ದರೆ ಆ ನೀರು ಒಳ್ಳೆ ಕಣ್ಣಿಗೂ ಹೋಗುತ್ತದೆ. ಮನೆಯವರೊಬ್ಬರು ಎರಡೂ ರೆಪ್ಪೆ ಬಿಡಿಸಿ ಹಿಡಿಯಲಿ, ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ನಲ್ಲಿ ಸಣ್ಣಗೆ ಬಿಟ್ಟು, ಗುಡ್ಡೆಯನ್ನು ಮೇಲೆ, ಕೆಳಗೆ, ಆಚೆ ಈಚೆ ತಿರುಗಿಸುತ್ತಾ ಇರಿ. ಮೊಬೈಲಿನಲ್ಲಿ 30 ನಿಮಿಷ ಇಡಿ, ಅಂದಾಜಿನ ಅರ್ಧ ಗಂಟೆ ಐದೇ ನಿಮಿಷಕ್ಕೆ ಮುಗಿಯುತ್ತದೆ. ಪಂಪಿನ ಜೆಟ್ ಮಾತ್ರ ಬೇಡ. ಕಾಳು ಕಂಡರೆ ಒದ್ದೆ ಹತ್ತಿಯ ತುದಿಯಲ್ಲಿ ಎತ್ತಿ, ಆದರೆ ಕರಿಗುಡ್ಡೆ ಮುಟ್ಟಬೇಡಿ. ಒಣ ಪುಡಿ ಹಾರಿದ್ದರೆ ಮೊದಲು ಹುಬ್ಬು, ಹಣೆ ಕೊಡವಿ ಆಮೇಲೆ ನೀರು. ಸಲೈನ್ ಬಾಟಲಿ ಇದ್ದರೆ ಒಳ್ಳೆಯದೇ, ಆದರೆ ಅದನ್ನು ಹುಡುಕುತ್ತಾ ಕೂರಬೇಡಿ. ಬಾವಿ ನೀರು ಸಾಕು.

ನೀರು ತಾಗಿದರೆ ಸುಣ್ಣ ಬಿಸಿಯಾಗುತ್ತದಲ್ವಾ ಅಂತ ಕೇಳಿದವರಿಗೆ: ಕಣ್ಣೇ ಒದ್ದೆ ಜಾಗ, ಹೇಗಿದ್ದರೂ ಬಿಸಿಯಾಗುತ್ತದೆ. ಧಾರಾಳ ನೀರು ಬಿದ್ದರೆ ಬಿಸಿಯೂ ಹೋಗುತ್ತದೆ, ಸುಣ್ಣವೂ ಹೋಗುತ್ತದೆ. ನಿಂಬೆರಸ, ಮಜ್ಜಿಗೆ ಹಾಕಿ ಅಂದವರು ದಯವಿಟ್ಟು ಆ ಕಾಮೆಂಟ್ ತೆಗೆಯಿರಿ. ಓದಿ ಮಾಡುವವರಿದ್ದಾರೆ.

ಬೋರ್ಡೋ ಸರಿಯಾಗಿದೆಯಾ ಅಂತ ನಾವು ಲಿಟ್ಮಸ್ ಅದ್ದಿ ನೋಡುತ್ತೇವಲ್ಲ, ಡಾಕ್ಟರೂ ಕೆಳರೆಪ್ಪೆಯೊಳಗೆ ಅಂಥದ್ದೇ ಕಾಗದ ತಾಗಿಸಿ ನೋಡುತ್ತಾರೆ. ಕ್ಷಾರದ ಅಳತೆ (pH) 7ರ ಆಸುಪಾಸಿಗೆ ಇಳಿಯುವ ತನಕ ತೊಳೆಯುತ್ತಲೇ ಇರುತ್ತಾರೆ. ಸುಣ್ಣದ ಚೀಲದ ಫೋಟೋ ತೆಗೆದುಕೊಂಡು ಹೋಗಿ. ಮನೆಯಲ್ಲಿ ಉಳಿದ ಹಳೇ ಡ್ರಾಪ್ಸ್ ಹಾಕಬೇಡಿ.

ಕಾರ್ಬನ್ ಫೈಬರ್ ದೋಟಿಯಲ್ಲಿ (ಉದ್ದ ಕೋಲು) ನೆಲದಿಂದಲೇ ಔಷಧಿ ಹೊಡೆಯುವವರಿಗೂ ಒಂದು ಮಾತು. ನೀವು ಮುಖ ಮೇಲೆತ್ತಿಯೇ ಹೊಡೆಯುವುದು, ಹನಿಯೆಲ್ಲ ಕಣ್ಣಿಗೇ ಬೀಳುತ್ತದೆ. ಸ್ಟೈಲಿನ ಕೂಲಿಂಗ್ ಗ್ಲಾಸ್ ಪಕ್ಕದಲ್ಲಿ ತೆರೆದಿರುತ್ತದೆ, ಉಪಯೋಗವಿಲ್ಲ. ಸುತ್ತ ಮುಚ್ಚುವ ಗಾಗಲ್ಸ್ ತಗೊಳ್ಳಿ, ಮೇಲೊಂದು ಅಂಚಿನ ಟೋಪಿ. ಮಂಜು ಹಿಡಿಯುತ್ತದೆ, ನಿಜ. ನಿಂತು ಒರೆಸಿಕೊಳ್ಳಿ.

ಮನೆಯೊಳಗೂ ಅಷ್ಟೇ. ಹಾರ್ಪಿಕ್ ನನಗೆ ಇಷ್ಟದ ಬ್ರಾಂಡೇ, ಆದರೆ ಅದು ಆಸಿಡ್. ಅದರ ಮೇಲೆ ಬ್ಲೀಚಿಂಗ್ ಪೌಡರ್ ಸುರಿದರೆ ಕ್ಲೋರಿನ್ ಎದ್ದು ಕಣ್ಣು, ಎದೆ ಎರಡೂ ಉರಿಯುತ್ತವೆ. ಇನ್ನು ಎಲೆ ಅಡಿಕೆಯ ಸುಣ್ಣದ ಪ್ಯಾಕೆಟ್ ಮಕ್ಕಳ ಕೈಗೆ ಸಿಗಬಾರದು. ಹಿಂಡಿದರೆ ಒಡೆದು ಪಿಚಕಾರಿಯ ಹಾಗೆ ಮುಖಕ್ಕೇ ಹಾರುತ್ತದೆ. ನಮ್ಮ ಅಪ್ಪನಿಗೆ ತಿರುಪಿನ ಮುಚ್ಚಳದ ಸ್ಟೀಲ್ ಡಬ್ಬಿ ತಂದುಕೊಟ್ಟಿದ್ದೇನೆ, ಅದನ್ನೂ ಅಟ್ಟದ ಮೇಲೆ ಇಡಿಸುತ್ತೇನೆ.