ಪ್ರವಾಸದ ನಡುವೆ ‘ರೆಸ್ಟ್ ಡೇ’ ಬೇಕೇ? ಬೇಕು, ಆದರೆ ಭಾನುವಾರ ಬೇಡ

ನೀವು ಮುಂಬಯಿ ಪಕ್ಕದ ಠಾಣೆ ಊರಿನವರು. ಅಮ್ಮನಿಗೆ 68, ಮಗನಿಗೆ 10. ಶನಿವಾರ 12:40ರ ವಿಮಾನ, ಗಲ್ಫ್‌ನಲ್ಲಿ ಐದು ಗಂಟೆ ಕಾಯಬೇಕು, ಆಮೇಲೆ ಮ್ಯೂನಿಕ್, ಅಲ್ಲಿಂದ ರೈಲಿನಲ್ಲಿ ವೆನಿಸ್. ನಡುವೆ ಎರಡು ದಿನ ‘ರೆಸ್ಟ್’ ಇಟ್ಟಿದ್ದೀರಿ, ನಿಮ್ಮ ಯಜಮಾನರು ಅದನ್ನು ದುಡ್ಡು ದಂಡ ಅನ್ನುತ್ತಿದ್ದಾರೆ. ತೆಗೆದುಹಾಕಲೇ ಎಂದು ಕೇಳಿದ್ದೀರಿ.

ತೆಗೆಯಬೇಡಿ. ಆದರೆ ನಿಮ್ಮ ಪಟ್ಟಿಯಲ್ಲಿ ಒಂದು ರೆಸ್ಟು ಭಾನುವಾರಕ್ಕೆ ಬಿದ್ದಿದೆ, ಇನ್ನೊಂದು ಊರು ಬದಲಿಸುವ ದಿನಕ್ಕೆ. ಎರಡೂ ರೆಸ್ಟಲ್ಲ. 2023ರಲ್ಲಿ ನಾನೂ ನಿಮ್ಮ ಹತ್ತಿರದ ಡೊಂಬಿವಲಿಯಲ್ಲಿ ಕೂತು ಇಂಥದ್ದೇ ಪಟ್ಟಿ ಮಾಡಿದ್ದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಭಾನುವಾರದ ಕತೆ ಮೊದಲು ಹೇಳಿಬಿಡುತ್ತೇನೆ. ಶನಿವಾರ ಮಧ್ಯಾಹ್ನ ಮ್ಯೂನಿಕ್ ಮುಟ್ಟಿದೆವು. ನಾಳೆ ನಿಧಾನ ಎದ್ದು ಹಾಲು, ಹಣ್ಣು, ಬ್ರೆಡ್ಡು ತಂದುಕೊಂಡರಾಯಿತು ಅಂತ ಮಲಗಿದೆವು. ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಬೇಕೆಂದು ಕಾನೂನೇ ಇದೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಶನಿವಾರವೂ ರಾತ್ರಿ 8ಕ್ಕೆ ಬಾಗಿಲು ಹಾಕುತ್ತಾರೆ. ನಮ್ಮ ಕಡೆ ಎಂಥಾ ಬಂದ್ ಇದ್ದರೂ ಒಂದು ಕಿರಾಣಿ ಅಂಗಡಿಯವ ಅರ್ಧ ಶಟರ್ ಎತ್ತಿ ಒಳಗಿಂದ ಕೈ ಚಾಚುತ್ತಾನಲ್ಲ, ಅಲ್ಲಿ ಅದೂ ಇಲ್ಲ. ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಗಳು, ಕೆಲವು ಗಂಟೆ ಬೇಕರಿ, ತಿಂಡಿ ಹೋಟೆಲುಗಳು, ಹೆಚ್ಚುಕಮ್ಮಿ ಅಷ್ಟೇ.

ಅತ್ತೆಯವರಿಗೆ ಆವತ್ತೇ ಮೈ ಬಿಸಿ. ಪ್ಯಾರಾಸಿಟಮಾಲ್ ಕೂಡ ಅಲ್ಲಿ ಸೂಪರ್‌ಮಾರ್ಕೆಟ್‌ನಲ್ಲಿ ಸಿಗುವುದಿಲ್ಲ, ಔಷಧಿ ಅಂಗಡಿಯಲ್ಲೇ ಕೊಳ್ಳಬೇಕು. ಸರದಿಯ ಮೇಲೆ ಒಂದೊಂದು ‘ಅಪೊಥೇಕೆ’ ಭಾನುವಾರ ತೆರೆದಿರುತ್ತದೆ. ಯಾವುದೆಂದು ಮುಚ್ಚಿದ ಅಂಗಡಿಯ ಬಾಗಿಲಲ್ಲೇ ಚೀಟಿ ಹಾಕಿರುತ್ತಾರೆ. ನಮ್ಮವರು ಆ ಚೀಟಿ ಓದಿಸಿಕೊಂಡು, ಎರಡು ಟ್ರಾಮ್ ಬದಲಿಸಿ, ಮಾತ್ರೆ ತರುವಷ್ಟರಲ್ಲಿ ಮಧ್ಯಾಹ್ನ. ಅಮ್ಮನ ಬಿಪಿ ಮಾತ್ರೆ ಜೊತೆಗೆ ಜ್ವರದ್ದು, ಹೊಟ್ಟೆಯದ್ದು ಮನೆಯಿಂದಲೇ ಒಯ್ಯಿರಿ, ಕೈಚೀಲದಲ್ಲಿ.

ಹಾಗಾಗಿ ಮ್ಯೂನಿಕ್‌ನಲ್ಲಿ ರೆಸ್ಟು ಸೋಮವಾರಕ್ಕೆ ಸರಿಸಿ. ಆಲ್ಟೆ ಪಿನಾಕೊಟೆಕ್‌ನಂಥ ಕಲಾಸಂಗ್ರಹಾಲಯ ಸೋಮವಾರ ಮುಚ್ಚಿರುತ್ತದೆ, ಅಂಗಡಿ ತೆರೆದಿರುತ್ತವೆ. ಭಾನುವಾರ ಇದಕ್ಕೆ ತಿರುಗುಮುರುಗು. ಆ ಸಂಗ್ರಹಾಲಯಕ್ಕೆ ಭಾನುವಾರದ ಟಿಕೆಟ್ಟು ಬರೀ 1 ಯೂರೊ ಇತ್ತು, ಗೊತ್ತಿಲ್ಲದೆ ನಾವು ರೂಮಿನಲ್ಲಿ ಖಾಖ್ರಾ ತಿನ್ನುತ್ತ ಕೂತಿದ್ದೆವು.

ಇನ್ನು ರೆಸ್ಟ್ ಎಂದರೆ ಏನು ಅಂತ ಯಜಮಾನರಿಗೆ ಮೊದಲೇ ಹೇಳಿಡಿ: ಬಟ್ಟೆ ಒಗೆಯುವ ದಿನ. ಹೋಟೆಲಿನಲ್ಲಿ ಕೊಟ್ಟರೆ ಒಂದೊಂದು ಅಂಗಿಗೂ ಬೇರೆ ಬೇರೆ ಲೆಕ್ಕ. ಆದ್ದರಿಂದ ಬೀದಿಯ ನಾಣ್ಯ ಹಾಕುವ ಲಾಂಡ್ರಿಗೆ ಹೋದೆವು. ಕೈಯಲ್ಲಿದ್ದದ್ದು 50 ಯೂರೊದ ನೋಟು, ಯಂತ್ರಕ್ಕೆ ಬೇಕಾದದ್ದು ಚಿಲ್ಲರೆ. ಚಿಲ್ಲರೆಗೋಸ್ಕರ ಬೇಡದ ಕಾಫಿ ಕುಡಿದು ಬಂದೆ. ಅತ್ತೆ ಗುಂಯ್‌ಗುಡುವ ಯಂತ್ರದ ಮುಂದಿನ ಬೆಂಚಿನ ಮೇಲೆ ಕೂತು, “ಏನವಾ, ಇಷ್ಟ ದೂರ ಬಂದದ್ದು ಅರಿವಿ ಒಗಿಲಿಕ್ಕೇನು?” ಅಂದರು. ಧಾರವಾಡದವರು, ಮೂವತ್ತು ವರ್ಷ ಮುಂಬಯಿಯಲ್ಲಿದ್ದರೂ ಮಾತು ಬದಲಾಗಿಲ್ಲ. ಅವರ ಕಾಟನ್ ಸೀರೆಯನ್ನು ಡ್ರೈಯರಿಗೆ ಹಾಕಲು ಬಿಡಲಿಲ್ಲ. ನಮ್ಮಲ್ಲಿ ಮಳೆಗಾಲ ಪೂರ್ತಿ ಫ್ಯಾನಿನ ಕೆಳಗೇ ಸೀರೆ ಒಣಗಿಸುತ್ತೇವೆ. ಆ ರೂಮಿನಲ್ಲಿ ಫ್ಯಾನೇ ಇಲ್ಲ! ಪರದೆಯ ಸರಳಿನಿಂದ ಕಪಾಟಿನ ಬಾಗಿಲವರೆಗೆ ಸೀರೆ ಕಟ್ಟಿ, ರಾತ್ರಿಯೆಲ್ಲ ಅದರಡಿ ಬಗ್ಗಿ ಬಗ್ಗಿ ಓಡಾಡಿದೆವು. ಹತ್ತಡಿ ನೈಲಾನ್ ಹಗ್ಗ, ಆರು ಕ್ಲಿಪ್ಪು ಒಯ್ಯಿರಿ. ಕೆಟಲ್ಲೂ ಅಲ್ಲಿ ಎಲ್ಲ ರೂಮಿನಲ್ಲಿ ಇರುವುದಿಲ್ಲ. ಅಮ್ಮನಿಗೆ ಬೆಳಗ್ಗೆ ಚಹಾ ಬೇಕಿದ್ದರೆ ಹೊರಡುವ ಮೊದಲೇ ಮುಂಬಯಿಯ ದಾದರಿನಲ್ಲಿ ಒಂದು ಪುಟ್ಟದು ಕೊಂಡುಬಿಡಿ, ಎರಡು ಪಿನ್ನಿನದು.

ಊರು ಬದಲಿಸುವ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. 11ಕ್ಕೆ ರೂಮು ಬಿಡಬೇಕು, ಮುಂದಿನದು ಸಿಗುವುದು ಸಾಮಾನ್ಯವಾಗಿ 3ರ ಮೇಲೆ, ನಡುವೆ ಆರೇಳು ಗಂಟೆಯ ರೈಲು. ನಮ್ಮ ಕಡೆಯ ಹಾಗೆ ಕೂಲಿಯವರನ್ನು ನಂಬಿ ಹೋಗುವ ಹಾಗಿಲ್ಲ. ವೆನಿಸ್‌ನಲ್ಲಿ ಹೆಚ್ಚುಕಮ್ಮಿ ಎಲ್ಲ ಸೇತುವೆಗೂ ಮೆಟ್ಟಿಲು, ಗಾಲಿಯ ಸೂಟ್‌ಕೇಸು ಹೊತ್ತೇ ಸಾಗಬೇಕು. ಅಮ್ಮನ ಸಲುವಾಗಿ ವೆನಿಸ್ ದ್ವೀಪದ ಈಚೆ ದಡದ ಮೆಸ್ತ್ರೆಯಲ್ಲಿ ಉಳಿಯಿರಿ. ದ್ವೀಪಕ್ಕೆ ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ, ನಮಗೆ ಡೊಂಬಿವಲಿ-ಕಲ್ಯಾಣ ಇದ್ದಹಾಗೆ.

ಈಗ ಗಲ್ಫ್‌ನಲ್ಲಿ ಕಾಯುವ ಆ ಐದು ಗಂಟೆಯ ವಿಷಯ. ಮೊದಲು ತಾರೀಕು: ಶನಿವಾರ 12:40 ಎಂದರೆ ಮಧ್ಯಾಹ್ನದ್ದಲ್ಲ, ಶುಕ್ರವಾರ ನಡುರಾತ್ರಿ ಕಳೆದ ಮೇಲಿನದು; ಶುಕ್ರವಾರ ರಾತ್ರಿ 9ಕ್ಕೆಲ್ಲ ಮುಂಬಯಿಯ ಸಹಾರ್ ವಿಮಾನ ನಿಲ್ದಾಣದಲ್ಲಿರಬೇಕು. ನಮ್ಮ ಸೊಸೈಟಿಯವರೊಬ್ಬರು ಶನಿವಾರ ರಾತ್ರಿ ಆರತಿ ಮಾಡಿಸಿಕೊಂಡು ಹೋಗಿ, ಗೇಟಿನಿಂದ ವಾಪಸು ಬಂದಿದ್ದಾರೆ. ಕೌಂಟರಿನಲ್ಲಿ ಎರಡೂ ಬೋರ್ಡಿಂಗ್ ಪಾಸು ಕೇಳಿ ಇಸಿದುಕೊಳ್ಳಿ, ಬ್ಯಾಗಿನ ಚೀಟಿಯ ಮೇಲೆ ಮ್ಯೂನಿಕ್‌ನ ಎಂ-ಯು-ಸಿ ಅಕ್ಷರ ಇದೆಯೇ ನೋಡಿ. ಗಲ್ಫ್‌ನಲ್ಲಿ ಮತ್ತೊಮ್ಮೆ ತಪಾಸಣೆ ಇರುತ್ತದೆ, ನೀರಿನ ಬಾಟಲಿ ಖಾಲಿ ಮಾಡಿಸುತ್ತಾರೆ. ಉಪ್ಪಿನಕಾಯಿಯನ್ನೂ ದ್ರವದ ಲೆಕ್ಕಕ್ಕೇ ಹಿಡಿಯುತ್ತಾರೆ, 100 ಮಿಲಿ ಮೀರಿದ ಡಬ್ಬಿ ಕೈಚೀಲದಲ್ಲಿ ಬೇಡ.

ಅಮ್ಮನಿಗೆ ವೀಲ್‌ಚೇರ್ ಖಂಡಿತ ಹೇಳಿ, ಎರಡು ದಿನ ಮುಂಚೆಯೇ. ಅದಕ್ಕೆ ದುಡ್ಡಿಲ್ಲ. ಮುಂಬಯಿಯಲ್ಲಿ ಅದರಿಂದ ಎಷ್ಟು ಸಲೀಸಾಯಿತೋ ನಡುವಿನ ನಿಲ್ದಾಣದಲ್ಲಿ ಅಷ್ಟೇ ಒದ್ದಾಟ. ಅತ್ತೆಯವರನ್ನು ಬೇರೆ ಲಿಫ್ಟಿನಲ್ಲಿ ಕರೆದೊಯ್ದರು, ನಮ್ಮನ್ನು ಮೆಟ್ಟಿಲ ಕಡೆ ಕಳಿಸಿದರು. ನಲವತ್ತು ನಿಮಿಷ ಹುಡುಕಿದೆವು. ಅವರ ಪಾಸ್‌ಪೋರ್ಟು ನನ್ನ ಚೀಲದಲ್ಲಿ, ಅವರ ಫೋನು ಬಂದ್. ಕೊನೆಗೆ ನೋಡಿದರೆ ಒಂದು ಮೂಲೆಯಲ್ಲಿ ಹತ್ತು ಕುರ್ಚಿ ಸಾಲಾಗಿ ನಿಲ್ಲಿಸಿದ್ದರು. ಅತ್ತೆ ಗುಜರಾತಿ ಅಜ್ಜಿಯೊಬ್ಬರಿಗೆ ತಮ್ಮ ಮರಾಠಿಯಲ್ಲಿ ಮೆಂತ್ಯದ ಹಿಟ್ಟಿನ ವಿಧಾನ ಹೇಳುತ್ತಿದ್ದರು. ಪಾಸ್‌ಪೋರ್ಟು, ಬೋರ್ಡಿಂಗ್ ಪಾಸು, ನಿಮ್ಮ ನಂಬರು ಬರೆದ ಚೀಟಿ ಅಮ್ಮನ ಕೊರಳ ಚೀಲದಲ್ಲೇ ಇರಲಿ. ಒಬ್ಬರು ಕುರ್ಚಿಯ ಬೆನ್ನು ಬಿಡಬೇಡಿ.

ಕೊನೆಯಲ್ಲಿ ಕೇಳಿದ್ದೀರಲ್ಲ, ನಾದಿನಿಗೆ ಧಾರವಾಡ ಪೇಡೆ ಒಯ್ಯಬಹುದೇ ಅಂತ. ಹಾಲಿನ ಪದಾರ್ಥವನ್ನು ಭಾರತದಿಂದ ಯುರೋಪ್ ಒಕ್ಕೂಟದೊಳಗೆ ಪ್ರಯಾಣಿಕರು ತರುವ ಹಾಗಿಲ್ಲ, ತುಪ್ಪವೂ ಅಷ್ಟೇ. ಶೇಂಗಾ ಚಟ್ನಿಪುಡಿ ಒಯ್ಯಿರಿ. ಪೇಡೆ ಅವರು ಊರಿಗೆ ಬಂದಾಗ ಆಯಿತು.