ಲ್ಯಾಬ್ ವರದಿಯಲ್ಲಿ ಸೋಡಿಯಂ 129 ಎಂದಿದ್ದರೂ ಹೈಪೋನೇಟ್ರೀಮಿಯಾ ಕೋಡ್ ಹಾಕಿದ್ದು ಏಕೆ ತಪ್ಪಾಯಿತು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ. ಅಮೆರಿಕದ ಆಸ್ಪತ್ರೆಯೊಂದರ ಇನ್‌ಪೇಷಂಟ್ (ಒಳರೋಗಿ) ಚಾರ್ಟ್‌ನಲ್ಲಿ ರಕ್ತದ ಸೋಡಿಯಂ 129 ಎಂದಿತ್ತು, ಪಕ್ಕದಲ್ಲಿ ‘ಕಡಿಮೆ’ ಎಂಬ ಗುರುತೂ ಇತ್ತು. 135ಕ್ಕಿಂತ ಕೆಳಗಿಳಿದರೆ ಹೈಪೋನೇಟ್ರೀಮಿಯಾ, ಅಂದರೆ ರಕ್ತದಲ್ಲಿ ಸೋಡಿಯಂ ಕೊರತೆ, ಎಂದು ತರಬೇತಿಯಲ್ಲಿ ಕಲಿತಿದ್ದ ನೀವು ಬಿಲ್‌ಗಾಗಿ ಅದರ ಕೋಡ್ ಇ87.1 ಹಾಕಿದಿರಿ, ಆಡಿಟರ್ ಅದನ್ನು ತಪ್ಪೆಂದು ಎಣಿಸಿದರು. ಬೆಂಗಳೂರಿನಲ್ಲಿ ಕುಳಿತು ಇಂಥ ಚಾರ್ಟ್‌ಗಳನ್ನೇ ಓದುವವನಾಗಿ ಹೇಳುವುದಾದರೆ, ಆಡಿಟರ್ ಮಾಡಿದ್ದು ಸರಿ. ಆದರೆ ಕಾರಣ ವಿವರಿಸದೆ ಅಂಕ ಕಳೆದದ್ದು ಸರಿಯಲ್ಲ.

ರೋಗಗಳಿಗೆ ಕೋಡ್ ಕೊಡುವ ಅಮೆರಿಕದ ಪದ್ಧತಿಯಾದ ಐಸಿಡಿ-10-ಸಿಎಂನ ಅಧಿಕೃತ ಮಾರ್ಗಸೂಚಿಯ ಮೂರನೆಯ ವಿಭಾಗದಲ್ಲಿ ಅಸಹಜ ಪರೀಕ್ಷಾ ಫಲಿತಾಂಶಗಳ ಬಗ್ಗೆಯೇ ಒಂದು ಪುಟ್ಟ ಭಾಗವಿದೆ. ಲ್ಯಾಬ್, ಎಕ್ಸ್‌ರೇ, ಪೆಥಾಲಜಿ ಮೊದಲಾದ ಪರೀಕ್ಷೆಗಳಲ್ಲಿ ಕಂಡ ಅಸಹಜತೆಗೆ ವೈದ್ಯರು ಮಹತ್ವವಿದೆಯೆಂದು ಸೂಚಿಸದ ಹೊರತು ಕೋಡ್ ಕೊಡುವಂತಿಲ್ಲ ಎಂಬುದು ಅದರ ತಾತ್ಪರ್ಯ. 129 ಎಂಬುದು ಯಂತ್ರ ಕೊಟ್ಟ ಅಂಕಿ, ಹೈಪೋನೇಟ್ರೀಮಿಯಾ ಎಂಬುದು ವೈದ್ಯರು ಕೊಡಬೇಕಾದ ಹೆಸರು. ರೋಗಿಯ ರಕ್ತದಲ್ಲಿ ಸಕ್ಕರೆ ವಿಪರೀತ ಏರಿದ್ದರೂ ಸೋಡಿಯಂ ಕೆಳಗಿಳಿದಂತೆ ಕಾಣಬಹುದು, ಡ್ರಿಪ್ ಹೋಗುತ್ತಿದ್ದ ಕೈಯಿಂದಲೇ ರಕ್ತ ತೆಗೆದಿದ್ದರೂ ಅಂಕಿ ಕೆಡಬಹುದು. ಇದನ್ನೆಲ್ಲ ತೂಗಿ ನೋಡುವ ಅಧಿಕಾರ ಕೋಡರ್‌ಗೆ ಇಲ್ಲ.

ಇದರಲ್ಲಿ ಹಣದ ವಿಚಾರವೂ ಅಡಗಿದೆ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್, ರೋಗಿಗಳನ್ನು ಗುಂಪು ಮಾಡಿ ಗುಂಪಿಗಿಷ್ಟು ಎಂದು ಹಣ ಕೊಡುವ ಡಿಆರ್‌ಜಿ ಲೆಕ್ಕದಲ್ಲಿ ಇ87.1ಕ್ಕೆ ಸಿಸಿ (ಚಿಕಿತ್ಸೆಯ ಹೊರೆ ಹೆಚ್ಚಿಸುವ ಜೊತೆಕಾಯಿಲೆ) ಸ್ಥಾನವಿರುವುದರಿಂದ, ಕೆಲವು ಚಾರ್ಟ್‌ಗಳಲ್ಲಿ ಈ ಒಂದೇ ಕೋಡ್ ಆಸ್ಪತ್ರೆಗೆ ಸಿಗುವ ಮೊತ್ತವನ್ನು ಹೆಚ್ಚಿಸಿಬಿಡುತ್ತದೆ. ವೈದ್ಯರ ಒಂದು ಸಾಲಿನ ಬೆಂಬಲವೂ ಇಲ್ಲದೆ ಇಂಥ ಕೋಡ್ ಬಿಲ್‌ನಲ್ಲಿ ಹೋದರೆ ಆಸ್ಪತ್ರೆ ಹಣ ಹಿಂದಿರುಗಿಸಬೇಕಾಗುವುದುಂಟು. ಆಡಿಟರ್‌ಗಳು ಸೋಡಿಯಂ ಎಂದರೆ ಕಣ್ಣು ಕಿರಿದು ಮಾಡುವುದು ಅದಕ್ಕೇ.

ಹಾಗೆಂದು ಆ ಅಂಕಿಯನ್ನು ನೋಡಿಯೂ ನೋಡದಂತೆ ಮುಂದೆ ಹೋಗಬೇಕೆಂದಲ್ಲ. ಅಂಕಿ ಸಹಜ ಮಿತಿಯ ಹೊರಗಿದ್ದು, ವೈದ್ಯರು ಅದಕ್ಕಾಗಿ ಬೇರೆ ಪರೀಕ್ಷೆ ಅಥವಾ ಚಿಕಿತ್ಸೆ ಬರೆದಿದ್ದರೆ ಅವರನ್ನೇ ಕೇಳುವುದು ಸೂಕ್ತವೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಆದ್ದರಿಂದ ಚಾರ್ಟನ್ನು ಮತ್ತೊಮ್ಮೆ ತೆರೆದು ಆರ್ಡರ್‌ಗಳ ಪುಟ ನೋಡಿ. ದಿನಕ್ಕೆ ಇಷ್ಟೇ ನೀರು ಎಂಬ ಮಿತಿ, ಆರಾರು ಗಂಟೆಗೊಮ್ಮೆ ಸೋಡಿಯಂ ಪರೀಕ್ಷೆ, ಮೂತ್ರದ ಆಸ್ಮೊಲಾಲಿಟಿ (ಸಾಂದ್ರತೆ) ಪರೀಕ್ಷೆ, ಇವುಗಳಲ್ಲಿ ಒಂದಾದರೂ ಇದ್ದು ಪ್ರೋಗ್ರೆಸ್ ನೋಟ್‌ನಲ್ಲಿ ಮಾತ್ರ ‘ಲ್ಯಾಬ್ ನೋಡಲಾಗಿದೆ’ ಎಂದಷ್ಟೇ ಇದ್ದರೆ, ಅದು ಕ್ವೆರಿ, ಅಂದರೆ ವೈದ್ಯರಿಗೆ ಲಿಖಿತ ಪ್ರಶ್ನೆ, ಕಳಿಸಲೇಬೇಕಾದ ಚಾರ್ಟ್.

ಕ್ವೆರಿಯ ಭಾಷೆಯಲ್ಲಿ ಹೊಸಬರು ಎಡವುವುದು ಹೆಚ್ಚು. ‘ಹೈಪೋನೇಟ್ರೀಮಿಯಾ ಎಂದು ದಾಖಲಿಸುವಿರಾ?’ ಎಂದು ಕೇಳಿದರೆ ಉತ್ತರವನ್ನು ನಾವೇ ಅವರ ಬಾಯಿಗೆ ತುರುಕಿದಂತಾಗುತ್ತದೆ. ನಾನು ಬರೆಯುವ ಬಗೆ ಹೀಗೆ: ‘ಮೊದಲ ದಿನ ಸೋಡಿಯಂ 129, ಎರಡನೆಯ ದಿನ 131. ನೀರಿನ ಮಿತಿ ಮತ್ತು ಮರುಪರೀಕ್ಷೆಗೆ ಆರ್ಡರ್ ಇದೆ. ಇವು ಯಾವ ಸ್ಥಿತಿಗಾಗಿ ಎಂಬುದನ್ನು ದಯವಿಟ್ಟು ದಾಖಲಿಸಿ.’ ಕೆಳಗೆ ಆಯ್ಕೆಗಳಾಗಿ ಹೈಪೋನೇಟ್ರೀಮಿಯಾ, ಬೇರೆ ಸ್ಥಿತಿ, ವೈದ್ಯಕೀಯ ಮಹತ್ವವಿಲ್ಲ, ನಿರ್ಧರಿಸಲಾಗದು ಎಂದು ಕೊಡುತ್ತೇನೆ. ಹಣದ ಪ್ರಸ್ತಾಪ ಎಲ್ಲಿಯೂ ಬರಕೂಡದು.

ನಾನೂ ಇದೇ ಹಳ್ಳಕ್ಕೆ ಬಿದ್ದವನೇ. ಮೊದಲ ವರ್ಷದಲ್ಲಿ ಒಂದು ನೋಟ್‌ನಲ್ಲಿ ‘ಕೆ’ ಅಕ್ಷರದ ಪಕ್ಕ ಕೆಳಮುಖ ಬಾಣ ಕಂಡು, (‘ಕೆ’ ಎಂದರೆ ಪೊಟ್ಯಾಸಿಯಂ) ಪೊಟ್ಯಾಸಿಯಂ ಕಡಿಮೆ ಎಂದುಕೊಂಡು ಅದರ ಕೋಡ್ ಇ87.6 ಹಾಕಿದ್ದೆ. ಬಾಣ ರೋಗನಿರ್ಣಯವಲ್ಲ, ಅದು ನಿನ್ನೆಗಿಂತ ಇಂದು ಇಳಿದಿದೆ ಎಂದಷ್ಟೇ ಹೇಳುತ್ತಿರಬಹುದು. ನನ್ನ ಚಾರ್ಟ್‌ನಲ್ಲಿ ಆದದ್ದು ಅದೇ, 4.4 ಇದ್ದದ್ದು 3.8ಕ್ಕೆ ಇಳಿದಿತ್ತು, ಎರಡೂ ಸಹಜ ಅಂಕಿಗಳೇ.

ಔಟ್‌ಪೇಷಂಟ್ (ಹೊರರೋಗಿ) ಚಾರ್ಟ್‌ಗಳಿಗೆ ಹೋದಾಗ ಇನ್ನೊಂದು ಎಚ್ಚರ ಬೇಕು. ಅಲ್ಲಿ ‘ಇರಬಹುದು’, ‘ಶಂಕೆ’ ಎಂದು ಬರೆದ ರೋಗಕ್ಕೆ ಕೋಡ್ ಇಲ್ಲ. ಟ್ರಾನ್ಸಮಿನೇಸ್ (ಯಕೃತ್ತಿನ ಕಿಣ್ವ) ಏರಿದೆ, ಹೆಪಟೈಟಿಸ್ ಶಂಕೆ ಇದೆ ಎಂದು ವೈದ್ಯರು ಬರೆದರೆ ಹೆಪಟೈಟಿಸನ್ನು ಬಿಟ್ಟು, 2020ರ ಅಕ್ಟೋಬರ್‌ನಿಂದ ಬಂದಿರುವ, ಆ ಏರಿಕೆಯ ಕೋಡ್ ಆರ್74.01 ಹಾಕಬೇಕು. ರೋಗ ಖಚಿತವಾಗದ ರಕ್ತಪರೀಕ್ಷೆಯ ಅಸಹಜತೆಗಳಿಗೆಂದೇ ಆರ್70ರಿಂದ ಆರ್79ರವರೆಗಿನ ಗುಂಪು ಇರುವುದು. ರೋಗ ಖಚಿತವಾದ ಮೇಲೆ ಅವುಗಳ ಕೆಲಸ ಮುಗಿಯಿತು: ಮಧುಮೇಹ ದಾಖಲಾಗಿರುವಾಗ ಬರೀ ಸಕ್ಕರೆ ಏರಿಕೆಯ ಕೋಡ್ ಆರ್73.9 ಹಾಕುವಂತಿಲ್ಲ, ಟೈಪ್ 2 ಮಧುಮೇಹದಲ್ಲಿ ಸಕ್ಕರೆ ಏರಿದೆಯೆಂದು ವೈದ್ಯರು ಬರೆದಿದ್ದರೆ ಅದಕ್ಕೆ ಇ11.65 ಇದೆ. ವಾರ್ಷಿಕ ತಪಾಸಣೆಯಲ್ಲಿ ಅಸಹಜತೆ ಕಂಡರೆ ಝಡ್00.01 ಜೊತೆಗೆ ಆ ಅಸಹಜತೆಯ ಕೋಡ್. ರಕ್ತದ ವರದಿ ಇನ್ನೂ ಬಾರದೆ ಭೇಟಿಯನ್ನು ಕೋಡ್ ಮಾಡಬೇಕಾಗಿ ಬಂದು, ತಪಾಸಣೆಯಲ್ಲಿ ಅಸಹಜತೆ ಕಂಡಿರದಿದ್ದರೆ, ಅಸಹಜತೆ ಇಲ್ಲದ ತಪಾಸಣೆಯ ಕೋಡ್ ಝಡ್00.00 ಹಾಕಬಹುದು.

ಇದಕ್ಕೆ ತಿರುಗುಮುರುಗಾದ ಪ್ರಸಂಗವೂ ಒಂದು ದಿನ ನಿಮ್ಮೆದುರು ಬರುತ್ತದೆ. ಸೋಡಿಯಂ ಒಮ್ಮೆ ಮಾತ್ರ 134, ಯಾವ ಚಿಕಿತ್ಸೆಯೂ ಇಲ್ಲ, ಆದರೆ ಡಿಸ್ಚಾರ್ಜ್ ಸಮ್ಮರಿಯಲ್ಲಿ ಹೈಪೋನೇಟ್ರೀಮಿಯಾ ಎಂದಿರುತ್ತದೆ. ಅಂಕಿ ಸಾಲದೆಂದು ವೈದ್ಯರ ಮಾತನ್ನು ನೀವೇ ಹೊಡೆದುಹಾಕುವಂತಿಲ್ಲ. ಆದರೆ ಆ ಸ್ಥಿತಿಗಾಗಿ ಪರಿಶೀಲನೆ, ಚಿಕಿತ್ಸೆ, ಹೆಚ್ಚಿನ ಪರೀಕ್ಷೆ ಅಥವಾ ಹೆಚ್ಚಿನ ಆರೈಕೆ ನಡೆದದ್ದು ಚಾರ್ಟ್‌ನಲ್ಲಿ ಕಾಣಬೇಕು. ಕಾಣದಿದ್ದರೆ ಆಗಲೂ ದಾರಿ ಕ್ವೆರಿಯೇ.

ನಿಮ್ಮ ಚಾರ್ಟ್‌ನ ಆರ್ಡರ್ ಪುಟದಲ್ಲಿ ನೀರಿನ ಮಿತಿಯಂಥದ್ದು ಸಿಕ್ಕರೆ ಅದನ್ನು ತೋರಿಸಿ, ‘ಆಧಾರವಿಲ್ಲದ ಕೋಡ್’ ಎಂಬ ಷರಾದ ಬದಲು ‘ಕ್ವೆರಿ ಬಿಟ್ಟುಹೋಗಿದೆ’ ಎಂದು ಬದಲಿಸಲಾಗುವುದೇ ಎಂದು ಆಡಿಟರ್ ಅವರನ್ನು ವಿನಯದಿಂದ ಕೇಳಿ ನೋಡಿ. ಕಳೆದ ಅಂಕ ಮರಳಿ ಬರಲಿಕ್ಕಿಲ್ಲ, ಆದರೆ ಬಿಲ್ ಇನ್ನೂ ಹೋಗಿರದಿದ್ದರೆ ಆ ಕ್ವೆರಿಯನ್ನು ಈಗಲೂ ಕಳಿಸಬಹುದು.