ಕಣಿಯಿಂದ ಶುರು ಮಾಡಿ

ಪೆರ್ಲದಿಂದ ಬರೆದ ಗೆಳತಿಗೆ ನಮಸ್ಕಾರ.

ಬ್ಯಾಕ್ಟೀರಿಯಾ ನಮ್ಮ ಶತ್ರು ಅಂತ ನೀವು ಬರೆದು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಬಿಡಲೂ ಮನಸ್ಸಿಲ್ಲ, ಯಾಕೆಂದರೆ ನಾಲ್ಕನೇ ಪುಟದಲ್ಲಿ ನಿಮ್ಮ ಮಾವ ಇದ್ದಾರೆ. ಮಳೆಗಾಲದ ಆಟಿ ತಿಂಗಳಲ್ಲಿ ಅಡಿಕೆ ತೋಟದ ಕಣಿಯ, ಅಂದರೆ ನೀರು ಹರಿಯುವ ಕಾಲುವೆಯ, ಕೆಸರು ತೆಗೆಯಲು ಬರಿಗಾಲಲ್ಲಿ ಇಳಿದವರು, ಹಿಮ್ಮಡಿ ಒಡೆದಿತ್ತು, ಆಮೇಲೆ ಜ್ವರ, ಮೀನಖಂಡದಲ್ಲಿ ತಡೆಯಲಾಗದ ನೋವು, ಕಣ್ಣು ಕೆಂಪು. ಇಲಿಜ್ವರ. ಇಷ್ಟನ್ನು ಮೂರೇ ಸಾಲಲ್ಲಿ ಮುಗಿಸಿ ಮತ್ತೆ ಯುದ್ಧ, ಸೈನಿಕ, ಕೋಟೆ ಅಂತ ಹೋಗಿಬಿಟ್ಟಿರಿ.

ಮೊದಲ ಮೂರು ಪುಟ ತೆಗೆದುಬಿಡಿ. ಅದೆಲ್ಲ ಪಠ್ಯಪುಸ್ತಕದ ಮಾತು. 'ಆತಿಥೇಯ ಕೋಶ', ಅಂದರೆ ಬ್ಯಾಕ್ಟೀರಿಯಾ ತಗಲುವ ದೇಹದ ಕೋಶ, 11 ಸಲ ಬಂದಿದೆ, ಅದು ಕರುಳಿನದೋ ಮೂತ್ರಪಿಂಡದ್ದೋ ಅಂತ ಒಂದು ಸಲವೂ ಇಲ್ಲ.

ಶತ್ರು ಅನ್ನೋ ಹೋಲಿಕೆಯೂ ನಿಲ್ಲುವುದಿಲ್ಲ. ನಿಮ್ಮ ಮಾವನನ್ನು ಮಲಗಿಸಿದ ಅದೇ ಲೆಪ್ಟೋಸ್ಪೈರಾ ಬ್ಯಾಕ್ಟೀರಿಯಾ ಇಲಿಯ ಮೂತ್ರಪಿಂಡದ ಸಣ್ಣ ನಳಿಕೆಗಳಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಇಲಿ ಆರಾಮವಾಗಿ ಓಡಾಡಿಕೊಂಡಿರುತ್ತದೆ. ಅದರ ಮೂತ್ರದ ಜೊತೆ ಕಣಿಯ ನೀರಿಗೆ ಬಂದು, ಒಡೆದ ಹಿಮ್ಮಡಿಯಲ್ಲಿ ಒಳಹೊಕ್ಕು, ತಿರುಪಿನ ಹಾಗೆ ಸುತ್ತುತ್ತಾ ಜೀವಕೋಶಗಳ ಸಂದಿಯಲ್ಲೇ ದಾರಿ ಮಾಡಿಕೊಂಡು ರಕ್ತ ಸೇರಿದರೆ ಮನುಷ್ಯನ ಮೂತ್ರಪಿಂಡ, ಲಿವರ್ ಎರಡೂ ಕೆಡಬಹುದು. ಇಲಿಗೆ ಏನೂ ಆಗದ್ದು ನಮಗೆ ಯಾಕೆ ಹೀಗೆ? ಲೇಖನದ ಜೀವ ಈ ಪ್ರಶ್ನೆಯಲ್ಲೇ ಇದೆ.

ಎರಡು ತಪ್ಪು ತಿದ್ದಲೇಬೇಕು. ಕಾಲರಾ ಬ್ಯಾಕ್ಟೀರಿಯಾ ಕರುಳಿನ ಕೋಶವನ್ನು ಕೊರೆದು ಒಳಹೋಗುತ್ತದೆ ಅಂದಿದ್ದೀರಿ. ಇಲ್ಲ, ಅದು ಮೇಲೆಯೇ ಕೂತು ವಿಷ ಬಿಡುತ್ತದೆ. ಆ ವಿಷ ಕೋಶದೊಳಗೆ ಹೋಗಿ ಉಪ್ಪು ಹೊರಹೋಗುವ ಬಾಗಿಲನ್ನು ತೆರೆದೇ ಇಡುತ್ತದೆ, ಉಪ್ಪಿನ ಹಿಂದೆಯೇ ನೀರೂ ಹರಿಯುತ್ತದೆ. ಕೋಲ್ಕತ್ತದ ವಿಜ್ಞಾನಿ ಶಂಭುನಾಥ ಡೇ 1959ರಲ್ಲಿ ಇದನ್ನು ಎಷ್ಟು ಚೆನ್ನಾಗಿ ತೋರಿಸಿದ್ದಾರೆ ನೋಡಿ. ಮೊಲದ ಕರುಳಿನ ಒಂದು ಭಾಗವನ್ನು ಎರಡೂ ಕಡೆ ಕಟ್ಟಿ, ಕಾಲರಾ ಬ್ಯಾಕ್ಟೀರಿಯಾ ಬೆಳೆದಿದ್ದ ದ್ರವದಿಂದ ಅವನ್ನೆಲ್ಲ ಸೋಸಿ ತೆಗೆದು, ಉಳಿದ ದ್ರವವನ್ನಷ್ಟೇ ಅದರೊಳಗೆ ಬಿಟ್ಟರು. ಆದರೂ ಕರುಳು ನೀರು ತುಂಬಿ ಉಬ್ಬಿತು. ಕಾಲರಾ ಇರಬೇಕು ಅಂತಿದ್ದರೆ ಇದನ್ನು ಹಾಕಿ.

ನಮ್ಮ ಕೋಶಗಳಿಗಿಂತ ಬ್ಯಾಕ್ಟೀರಿಯಾ 10 ಪಟ್ಟು ಜಾಸ್ತಿ ಅನ್ನೋದೂ ಹಳೇ ಲೆಕ್ಕ. 2016ರ ಅಂದಾಜಿನಲ್ಲಿ ಕೋಶ 30 ಲಕ್ಷ ಕೋಟಿ, ಬ್ಯಾಕ್ಟೀರಿಯಾ 38 ಲಕ್ಷ ಕೋಟಿ, ಹೆಚ್ಚುಕಡಿಮೆ ಸಮ.

ಒಳ್ಳೆಯ ಬ್ಯಾಕ್ಟೀರಿಯಾಕ್ಕೆ ನೀವು ಒಂದೇ ವಾಕ್ಯ ಕೊಟ್ಟಿದ್ದೀರಿ, ಅದೂ ಮೊಸರಿನ ಬಗ್ಗೆ. ಬಾಳೆದಿಂಡಿನ ಪಲ್ಯ ಇದೆ ಅಲ್ವಾ? ಅದರಲ್ಲಿ ನಮಗೆ ಅರಗದ ನಾರಿನ ಒಂದು ಪಾಲನ್ನು ದೊಡ್ಡಕರುಳಿನ ಬ್ಯಾಕ್ಟೀರಿಯಾ ಹುಳಿಬರಿಸಿ ಬ್ಯುಟಿರೇಟ್ ಅನ್ನೋ ಪದಾರ್ಥ ಮಾಡುತ್ತವೆ. ಅಲ್ಲಿನ ಗೋಡೆಯ ಕೋಶಗಳಿಗೆ ಅದೇ ಮುಖ್ಯ ಊಟ.

ಮತ್ತೆ ಬರೆಯುವ ಮೊದಲು ಮಾವನ ಹತ್ತಿರ ಒಂದು ಸಂಜೆ ಕೂತುಕೊಳ್ಳಿ. ಕಣಿಗೆ ಇಳಿದ ಎಷ್ಟನೇ ದಿನಕ್ಕೆ ಜ್ವರ ಬಂತು ಅಂತ ಕೇಳಿ; ಸಾಮಾನ್ಯವಾಗಿ 5ರಿಂದ 14 ದಿನ ಹಿಡಿಯುತ್ತದೆ. ಆ ದಿನಗಳಲ್ಲಿ ಅವರು ಏನೂ ಗೊತ್ತಿಲ್ಲದೆ ತೋಟದಲ್ಲೇ ಕೆಲಸ ಮಾಡುತ್ತಿದ್ದರಲ್ಲ, ಅದನ್ನೂ ಬರೆಯಿರಿ.